ಹೊಟ್ಟೆ ನಿಮ್ಮದು, ಕೈ ನನ್ನದು

ಜರ್ಮನಿಗೆ ಹೊರಡುವ ಮುಂಚೆ ನೀಲಾಂಬಿಕೆ ಮೂರು ಜನರ ಜತೆ ಜಗಳವಾಡಿದಳು. ಮೂರರಲ್ಲೂ ಗೆದ್ದಳು.

ಮೊದಲನೆಯದು ಅತ್ತೆ ವೀರಮ್ಮನವರ ಜತೆ. "ಹೆಂಗಸಾದವಳು ಸಮುದ್ರ ದಾಟಿ ಹೋಗಿ ಅಲ್ಲಿ ಎಂಥ ಮಾಡ್ತಾಳೆ? ಬಾಳೆಹೊನ್ನೂರಿಗೆ ಬಾಳೆಹೊನ್ನೂರೇ ನಗಾಡುತ್ತೆ" ಎಂದು ಅತ್ತೆ ಎಲೆಯಡಿಕೆ ಕುಟ್ಟುತ್ತಾ ಹೇಳಿದರು.

"ನಿಮ್ಮ ಮಗ ಹಡಗಿನಲ್ಲಿ ಯಾರು ಬೇಯಿಸಿದ್ದು ಉಣ್ತಾರೆ ಅಂತ ಒಂದು ಹೇಳಿಬಿಡಿ ಅತ್ತೆ, ನಾನು ಇಲ್ಲೇ ಇರ್ತೀನಿ" ಎಂದಳು ನೀಲಾಂಬಿಕೆ. ಕುಟ್ಟುವ ಸದ್ದು ನಿಂತಿತು. ಪಕ್ಕದ ಕೊಪ್ಪಕ್ಕೆ ಹೋಗಿಬರುವುದಿದ್ದರೂ ಬುತ್ತಿ ಕಟ್ಟಿಸಿಕೊಂಡು ಹೋಗುವ ಮಗ ಅದು.

ಎರಡನೆಯದು ಗಂಡನ ಜತೆ. ವೃಷಭೇಂದ್ರಪ್ಪ ಕಾಫಿ ಬೆಳೆಯುತ್ತಿದ್ದ. ಸುತ್ತಿನವರ ಕಾಫಿ, ಏಲಕ್ಕಿಯನ್ನೂ ಕೊಂಡು ಮಂಗಳೂರಿಗೆ ಕಳಿಸುತ್ತಿದ್ದ. ಮೂರು ವರ್ಷದ ಹಿಂದೆ ಬ್ರಾಂಟ್ ಎಂಬ ಜರ್ಮನ್ ವ್ಯಾಪಾರಿ ಕಾಫಿ ನೋಡಲು ಬಂದವನು ಚಳಿಜ್ವರ ಹಿಡಿದು ಇವರ ಮನೆಯಲ್ಲೇ ಹದಿನೈದು ದಿನ ಮಲಗಿದ್ದ. ಆ ಋಣಕ್ಕೆ ಈಗ ಕಾಗದ ಬರೆದಿದ್ದ: ಬನ್ನಿ, ನಿಮ್ಮ ಕಾಫಿಯನ್ನು ನಾವು ಇಲ್ಲಿ ಹೇಗೆ ಆರಿಸುತ್ತೇವೆ, ಹೇಗೆ ಹುರಿಯುತ್ತೇವೆ, ಕಣ್ಣಾರೆ ನೋಡಿ.

"ಕರೆದಿರೋದು ನನ್ನನ್ನ ಮಾರಾಯ್ತಿ, ನಿನ್ನನ್ನಲ್ಲ" ಎಂದ ವೃಷಭೇಂದ್ರಪ್ಪ.

"ಹೌದಾ? ಜ್ವರದಲ್ಲಿ ಆ ಮನುಷ್ಯನಿಗೆ ಗಂಜಿ ಬಸಿದು ಕುಡಿಸಿದ್ದು ನೀವಾ?"

ಮಾರನೆಯ ದಿನ ಅವನು ಎರಡು ಟಿಕೀಟಿಗೆ ಬರೆದು ಹಾಕಿದ.

ಮೂರನೆಯದು ಪರಮೇಶ್ವರನ ಜತೆ. ಎನ್.ಆರ್. ಪುರದ ಮರದ ಡಿಪೋದಲ್ಲಿ ಗುಮಾಸ್ತನಾಗಿದ್ದ ಈ ಪರಮೇಶ್ವರ ಹರೆಯದಲ್ಲಿ ಮಂಗಳೂರಿನ ಹಂಚಿನ ಕಾರ್ಖಾನೆಯಲ್ಲಿ ಜರ್ಮನರ ಕೈಕೆಳಗೆ ದುಡಿದಿದ್ದ. ಅವರ ಭಾಷೆ ತಕ್ಕಮಟ್ಟಿಗೆ ಬರುತ್ತಿತ್ತು. ಭಾನುವಾರ ಭಾನುವಾರ ಬಂದು ವೃಷಭೇಂದ್ರಪ್ಪನಿಗೆ ಪಾಠ ಹೇಳುತ್ತಿದ್ದ. ನೀಲಾಂಬಿಕೆ ಹೊಸ್ತಿಲ ಈಚೆ ಕೂತು ತರಕಾರಿ ಹೆಚ್ಚುತ್ತಾ ಕೇಳಿಸಿಕೊಳ್ಳುತ್ತಿದ್ದಳು.

"ಅಮ್ಮಾವ್ರು ಅಷ್ಟೆಲ್ಲ ಕಲೀಬೇಕಾಗಿಲ್ಲ" ಎಂದ ಅವನು ಒಂದು ದಿನ. "ಡಾಂಕೆ ಅಂದ್ರೆ ಸಾಕು. ಉಪಕಾರ ಆಯ್ತು ಅಂತ. ಏನು ಕೊಟ್ರೂ ಡಾಂಕೆ."

"ಕೊಡದೇ ಇದ್ರೆ?"

ಪರಮೇಶ್ವರ ನಕ್ಕ. ನೀಲಾಂಬಿಕೆ ನಗಲಿಲ್ಲ. "ನಗ್ಬೇಡಿ ಗುಮಾಸ್ತರೇ. ಕೊಡದೇ ಇದ್ರೆ ಏನನ್ನಬೇಕು? ಮೊದಲು ಅದನ್ನ ಹೇಳಿಕೊಡಿ."

ಅವನು ಎರಡು ಮಾತು ಹೇಳಿಕೊಟ್ಟ. ಒಂದು ನೈನ್, ಇಲ್ಲ. ಇನ್ನೊಂದು ವಾರುಮ್, ಯಾಕೆ. ಮೂವತ್ತನೆಯ ಇಸವಿಯ ಬೇಸಿಗೆಯಲ್ಲಿ ಬೊಂಬಾಯಿಯಲ್ಲಿ ಹಡಗು ಹತ್ತುವಾಗ ನೀಲಾಂಬಿಕೆಯ ಬಳಿ ಇದ್ದ ಜರ್ಮನ್ ಇಷ್ಟೇ. ಕಮ್ಮರಡಿಯಲ್ಲಿ ನಾಲ್ಕನೇ ತರಗತಿಯವರೆಗೆ ಓದಿದವಳು. ಅದೂ ಕನ್ನಡ, ಲೆಕ್ಕ ಮಾತ್ರ. ಹಡಗಿನಲ್ಲಿ ಗಂಡನ ಪುಸ್ತಕ ತೆಗೆದುಕೊಂಡು, ಅಕ್ಕಿಪೆಟ್ಟಿಗೆಯ ಮುಚ್ಚಳದ ಮೇಲೆ ಸೀಮೆಸುಣ್ಣದಲ್ಲಿ ರೋಮನ್ ಅಕ್ಷರ ತಿದ್ದಿದಳು. ನಲವತ್ತಾರು ವರ್ಷದ ಹೆಂಗಸು ಅಕ್ಷರ ತಿದ್ದುವುದನ್ನು ಕಂಡು ಗಂಡ ಮುಸಿಮುಸಿ ನಕ್ಕ. "ನಾನಿದ್ದೀನಲ್ಲ, ನಿನಗ್ಯಾಕೆ ಈ ಉಸಾಬರಿ?" ಎಂದ. ಅವಳು ಮುಚ್ಚಳವನ್ನು ಆಚೆ ತಿರುಗಿಸಿಕೊಂಡು ಮುಂದುವರಿಸಿದಳು.

ಇಷ್ಟು ಕಷ್ಟಪಟ್ಟು ಕಲಿತ ಅಕ್ಷರಗಳು ಊರು ಮುಟ್ಟಿದ ಮೇಲೆ ಕೈಕೊಟ್ಟವು.

ಊರಿನ ಹೆಸರು ಲ್ಯೂನೆಬುರ್ಗ್. ಹ್ಯಾಂಬರ್ಗಿನಿಂದ ರೈಲಿನಲ್ಲಿ ಒಂದು ಗಂಟೆಯ ದಾರಿ. ಬ್ರಾಂಟನ ವ್ಯಾಪಾರವೆಲ್ಲ ಹ್ಯಾಂಬರ್ಗಿನಲ್ಲಿ, ಮನೆ ಇಲ್ಲಿ. ಅವನ ಮನೆಯ ಹಿಂದಿನ ಬೀದಿಯಲ್ಲಿ ಫ್ರೌ ಮೆಂಕೆ ಎಂಬ ವಿಧವೆಯ ಮಹಡಿಯಲ್ಲಿ ಇವರಿಗೆ ಎರಡು ಕೋಣೆ, ಒಂದು ಒಲೆ ಕೊಡಿಸಿದ್ದ. ಊರೋ, ಸಾವಿರ ವರ್ಷದ ಹಳೆಯದು. ಎಲ್ಲಿ ನೋಡಿದರೂ ಕೆಂಪು ಇಟ್ಟಿಗೆ, ಮೆಟ್ಟಿಲು ಮೆಟ್ಟಿಲಾದ ಗೋಡೆತಲೆ. ಹೊಳೆಯ ದಂಡೆಯಲ್ಲಿ ಹಿಂದಿನ ಕಾಲದ ದೊಡ್ಡ ಮರದ ಕ್ರೇನು. ನೆಲದಡಿಯ ಉಪ್ಪಿನಿಂದ ಶ್ರೀಮಂತವಾದ ಊರಂತೆ. ಉಪ್ಪು ತೆಗೆದು ತೆಗೆದು ನೆಲ ಟೊಳ್ಳಾಗಿ ಒಂದು ಕಡೆಯ ಮನೆಗಳೆಲ್ಲ ಕುಸಿದು ವಾಲಿಕೊಂಡಿದ್ದವು. ಒಂದು ಮನೆಯ ಗೋಡೆಗಂತೂ ಬಸುರಿಯ ಹಾಗೆ ಹೊಟ್ಟೆ ಬಂದಿತ್ತು. ದೊಡ್ಡ ಇಗರ್ಜಿಯ ಗೋಪುರವೇ ನೆಟ್ಟಗಿರಲಿಲ್ಲ, ಗಾಳಿಗೆ ಸಿಕ್ಕ ಬಗನಿಮರದ ಹಾಗೆ ಸೊಟ್ಟ. ಜನ ಅದನ್ನೇ ಹೆಮ್ಮೆಯಿಂದ ತೋರಿಸುತ್ತಿದ್ದರು. ನೀಲಾಂಬಿಕೆಗೆ ಆ ಊರು ಹಿಡಿಸಿತು. ಸೊಟ್ಟಗಿದ್ದೂ ಬೀಳದೆ ನಿಂತ ಊರು.

ಆದರೆ ಅಂಗಡಿಯ ಬೋರ್ಡು ಓದೋಣವೆಂದರೆ ಅವಳು ತಿದ್ದಿದ ಅಕ್ಷರ ಒಂದೂ ಅಲ್ಲಿಲ್ಲ. ಎಲ್ಲ ಮುಳ್ಳುಮುಳ್ಳಾದ, ಮುರಿದು ಜೋಡಿಸಿದ ಅಕ್ಷರ. ಒಂದಕ್ಕೂ ಇನ್ನೊಂದಕ್ಕೂ ವ್ಯತ್ಯಾಸವೇ ಕಾಣದು. "ಇವರ ಹಳೇ ಬರವಣಿಗೆ ಅದು" ಎಂದ ವೃಷಭೇಂದ್ರಪ್ಪ.

"ಗೊತ್ತಿದ್ದೂ ಹಡಗಿನಲ್ಲಿ ಯಾಕೆ ಹೇಳಲಿಲ್ಲ?"

"ಕೇಳಿದ್ಯಾ ನೀನು?"

ಅವಳು ಆ ದಿನ ಸಾರಿಗೆ ಉಪ್ಪು ಹಾಕಲಿಲ್ಲ. ಮರೆತದ್ದಲ್ಲ.

ಓದಲು ಬಾರದಿದ್ದರೆ ಬೇಡ, ಬಾಯಿಂದಲೇ ಕಲಿಯುತ್ತೇನೆ ಎಂದು ದಿನಾ ಬೆಳಿಗ್ಗೆ ಸಂತೆಚೌಕಕ್ಕೆ ಹೊರಟಳು. ಸೀರೆಯುಟ್ಟ, ಹಣೆಗೆ ವಿಭೂತಿ ಬಳಿದ ಹೆಂಗಸನ್ನು ಊರು ನಿಂತು ನೋಡಿತು. ನೋಡಲಿ ಎಂದು ಅವಳೂ ನಿಂತಳು. ತರಕಾರಿ ಮಾರುವ ಮುದುಕಿಯ ಮುಂದೆ ನಿಂತು ಈರುಳ್ಳಿಗೆ ಅವರ ಮಾತಿನಲ್ಲಿ ಏನೆನ್ನುತ್ತಾರೋ ಅದನ್ನು ಹೇಳಿದಳು. ನಾಲಿಗೆ ಮೂರು ಕಡೆ ಎಡವಿತು. ಸುತ್ತಲಿನ ಹೆಂಗಸರು ಬಾಯಿಗೆ ಕೈ ಅಡ್ಡವಿಟ್ಟು ನಕ್ಕರು.

"ನಗ್ರಿ, ನಗ್ರಿ" ಎಂದಳು ನೀಲಾಂಬಿಕೆ ಕನ್ನಡದಲ್ಲೇ. ಈರುಳ್ಳಿಯೊಂದನ್ನು ಎತ್ತಿ ಹಿಡಿದು, "ಈಗ ನೀವು ಅನ್ನಿ. ಈರುಳ್ಳಿ" ಎಂದಳು. ಮುದುಕಿಗೆ ಅರ್ಥವಾಯಿತು. "ಈರುಲಿ" ಎಂದಳು. "ನೈನ್. ಈರುಳ್ಳಿ." "ಇರೂಲ್ಲಿ." "ನೈನ್!" ಈಗ ನಗು ಮುದುಕಿಯ ಕಡೆ ತಿರುಗಿತು. ಮುದುಕಿಯೂ ನಕ್ಕು ಒಂದು ಈರುಳ್ಳಿ ಹೆಚ್ಚು ಹಾಕಿದಳು. ಮಾರನೆಯ ದಿನದಿಂದ ಇಬ್ಬರಿಗೂ ಸ್ನೇಹ. ದಿನಕ್ಕೆ ಐದು ಮಾತಿನಂತೆ ಕಲಿತಳು. ಬಿಸಿ, ತಣ್ಣಗೆ, ಕಪ್ಪು, ಬಿಳಿ, ಕೈ, ಕಾಲು, ಹೊಟ್ಟೆ. ಬಿಡಿ ಬಿಡಿ ಮಾತು ಬಂತು, ಸೇರಿಸಿ ಆಡಲು ಬರಲಿಲ್ಲ. ಸಂಜೆ ಫ್ರೌ ಮೆಂಕೆ ಅಡಿಗೆಮನೆಯಲ್ಲಿ ಮೇಣದಬತ್ತಿ ಹಚ್ಚಿಟ್ಟು, ಒಂದೊಂದು ಪಾತ್ರೆ ಎತ್ತಿ ತೋರಿಸಿ ಹೆಸರು ಹೇಳುವಳು. ವೃಷಭೇಂದ್ರಪ್ಪ ಮಾತ್ರ ಬ್ರಾಂಟನ ಜತೆ ಉದ್ದುದ್ದ ಮಾತಾಡುತ್ತಿದ್ದ. ಹೆಂಡತಿ ಬಾಯಿ ತೆರೆದರೆ ತಾನೇ ಅಡ್ಡಬಂದು ಮುಗಿಸಿಬಿಡುತ್ತಿದ್ದ.

ಹನ್ನೊಂದನೆಯ ದಿನ ಬೆಳಿಗ್ಗೆ ಅವನು ಎದ್ದೇಳಲಿಲ್ಲ. ಹೊಕ್ಕುಳ ಹತ್ತಿರ ಶುರುವಾದ ನೋವು ಬಲಗಡೆಗೆ ಇಳಿದು ನಿಂತಿತ್ತು. ಜೀರಿಗೆ ಕಷಾಯ ಕುಡಿಸಿದಳು, ವಾಂತಿಯಾಯಿತು. ಮೈ ಕಾದ ಹೆಂಚಿನ ಹಾಗಾಯಿತು. ಬಲಗಾಲು ಮಡಚಿಕೊಂಡು ಗೋಡೆ ಕಡೆ ತಿರುಗಿದವನ ಬಾಯಲ್ಲಿ ಕನ್ನಡ ಬಿಟ್ಟು ಬೇರೆ ಮಾತೇ ಹೊರಡಲಿಲ್ಲ. ಪರಮೇಶ್ವರ ಕಲಿಸಿದ್ದೆಲ್ಲ ಆ ನೋವಿನಲ್ಲಿ ಕೊಚ್ಚಿಹೋಗಿತ್ತು. ಬ್ರಾಂಟ್ ಹ್ಯಾಂಬರ್ಗಿಗೆ ಹೋಗಿದ್ದ, ಬರುವುದು ನಾಳೆ. ಫ್ರೌ ಮೆಂಕೆ ಬಂದು ಅವನ ಹೊಟ್ಟೆ ಮುಟ್ಟಿದಳು. ಅವನು ಕೂಗಿದ. ಅವಳು ಏಪ್ರನ್ ಬಿಚ್ಚಿ ಎಸೆದು ಗಾಡಿ ತರಲು ಓಡಿದಳು.

ಆಸ್ಪತ್ರೆಯ ಬಾಗಿಲಲ್ಲೇ ಮೊದಲ ತಕರಾರು. ಮೇಜಿನ ಹಿಂದೆ ಕೂತ ಗುಮಾಸ್ತ ರೋಗಿಯ ಹೆಸರು ಕೇಳಿದ. ಕೇಳಿದ್ದು ನೀಲಾಂಬಿಕೆಗೆ ಚೆನ್ನಾಗಿ ಅರ್ಥವಾಯಿತು. ಆದರೆ ಮದುವೆಯಾಗಿ ಮೂವತ್ತು ವರ್ಷದಲ್ಲಿ ಗಂಡನ ಹೆಸರನ್ನು ಅವಳು ಬಾಯಿಬಿಟ್ಟು ಹೇಳಿರಲಿಲ್ಲ. ಯಾರು ಹೇಳುತ್ತಾರೆ? "ಮೈನ್ ಮನ್" ಎಂದಳು. ನನ್ನ ಗಂಡ. ಅವನು ತಲೆಯಾಡಿಸಿ ಮತ್ತೆ ಹೆಸರು ಕೇಳಿದ. "ಮೈನ್ ಮನ್" ಎಂದಳು ಮತ್ತೆ, ಇನ್ನೂ ಗಟ್ಟಿಯಾಗಿ. ಅವನು ಕಿವುಡಿಗೆ ಕೇಳುವವನ ಹಾಗೆ ಮೂರನೆಯ ಸಲ ಕಿರುಚಿದ. ಅವಳು ಅವನ ಕೈಯಿಂದ ಲೇಖನಿ ಕಿತ್ತುಕೊಂಡು, ಅವನ ದೊಡ್ಡ ಪುಸ್ತಕದಲ್ಲಿ ಹಡಗಿನಲ್ಲಿ ತಿದ್ದಿದ ಅಕ್ಷರದಲ್ಲಿ, ಒಂದೊಂದೂ ಹುಣಿಸೆಬೀಜದಷ್ಟು ದಪ್ಪ, ವೃಷಭೇಂದ್ರಪ್ಪ ಎಂದು ಬರೆದಳು. ಎರಡು ಸಾಲು ತುಂಬಿತು. ಗುಮಾಸ್ತ ಪುಸ್ತಕವನ್ನೂ ಅವಳನ್ನೂ ನೋಡಿ ಗಂಟೆ ಬಾರಿಸಿದ.

ಡಾಕ್ಟರ್ ಹಾರ್ಮ್ಸ್ ಬಂದರು. ಎತ್ತರದ ಮನುಷ್ಯ, ಕೆನ್ನೆಯಲ್ಲಿ ಹಳೆಯ ಗಾಯದ ಗೆರೆ. ಹೊಟ್ಟೆ ಒತ್ತಿ ನೋಡಿ ನೀಲಾಂಬಿಕೆಯ ಕಡೆ ತಿರುಗಿ ಬಡಬಡನೆ ಹೇಳಿದರು. ಅದರಲ್ಲಿ ಅವಳಿಗೆ ಸಿಕ್ಕಿದ್ದು ಮೂರು ಮಾತು: ಬೌಖ್ ಎಂದರೆ ಹೊಟ್ಟೆ, ಜೊಫೋರ್ಟ್ ಎಂದರೆ ಈಗಲೇ, ಟೋಟ್ ಎಂದರೆ ಸಾವು. ಮೂರೇ ಸಾಕಾಯಿತು. "ಯಾ" ಎಂದಳು, ಆಗಲಿ ಎಂದು. "ಕೊಯ್ಯಿರಿ" ಎಂದು ಕನ್ನಡದಲ್ಲೂ ಹೇಳಿ ಕೈಯಲ್ಲಿ ತೋರಿಸಿದಳು.

ಬಿಳಿಯ ಟೊಪ್ಪಿಗೆಯ ನರ್ಸು, ಶ್ವೆಸ್ಟರ್ ಆನ್ನಾ, ವೃಷಭೇಂದ್ರಪ್ಪನ ಅಂಗಿ ಬಿಚ್ಚಿದಳು. ಎದೆಯ ಮೇಲೆ ದಾರದಲ್ಲಿ ಬೆಳ್ಳಿಯ ಕರಡಿಗೆ, ಅದರೊಳಗೆ ಇಷ್ಟಲಿಂಗ. ಹುಟ್ಟಿದ ಕೂಸಿಗೆ ಕಟ್ಟಿದ್ದು. ಮಣ್ಣಿಗೆ ಹೋಗುವಾಗಲೂ ಜತೆಗೇ ಹೋಗುವಂಥದ್ದು. ಮೈಯಿಂದ ಬೇರೆಯಾಗಬಾರದು. ಶ್ವೆಸ್ಟರ್ ಆನ್ನಾ ಉಂಗುರ ತೆಗೆದ ಹಾಗೆಯೇ, ಕಿವಿಯ ಒಂಟಿ ತೆಗೆದ ಹಾಗೆಯೇ, ಆ ದಾರಕ್ಕೂ ಕತ್ತರಿ ಹಚ್ಚಲು ಹೋದಳು.

ಅರೆಪ್ರಜ್ಞೆಯಲ್ಲಿದ್ದ ಮನುಷ್ಯ ಎರಡೂ ಕೈಯಲ್ಲಿ ಕರಡಿಗೆ ಅಮುಕಿ ಹಿಡಿದ. "ಮುಟ್ಬೇಡ!" ಎಂದು ಕೂಗಿದ. "ನೀಲಾ, ಇವಳಿಗೆ ಹೇಳು! ಪ್ರಾಣ ಹೋದ್ರೂ ತೆಗೆಯೋದಿಲ್ಲ!"

"ನೈನ್" ಎಂದು ನೀಲಾಂಬಿಕೆ ಕತ್ತರಿಗೆ ಅಡ್ಡ ನಿಂತಳು.

ಡಾಕ್ಟರು ಬಂದರು. ಫ್ರೌ ಮೆಂಕೆ ಅವರ ಮಾತನ್ನು ಬಿಡಿಸಿ, ಅಡಿಗೆಮನೆಯಲ್ಲಿ ಹೇಳುವ ಹಾಗೆ ಒಂದೊಂದೇ ಮಾತಾಗಿ ಹೇಳಿದಳು. ಎದೆ ಹೊಟ್ಟೆ ಎಲ್ಲ ತೊಳೆಯಬೇಕು. ಬೆಳ್ಳಿ ಬೇಡ. ದಾರ ಬೇಡ. ದಾರದಲ್ಲಿ ಕೊಳೆ ಇದೆ. ಕೊಳೆ ಹೊಟ್ಟೆಗೆ ಹೋದರೆ ಟೋಟ್. ತೆಗೆಯದಿದ್ದರೆ ಕೊಯ್ಯುವುದಿಲ್ಲ. ಕೊಯ್ಯದಿದ್ದರೂ ಟೋಟ್.

"ಹಾಗಾದ್ರೆ ಕೊಯ್ಯೋದು ಬೇಡ" ಎಂದ ವೃಷಭೇಂದ್ರಪ್ಪ. ಅವನಿಗೆ ಅಷ್ಟು ಜರ್ಮನ್ ಮಾತ್ರ ಅರ್ಥವಾಗಿತ್ತು. "ಮನೆಗೆ ಕರ್ಕೊಂಡು ಹೋಗು."

ನೀಲಾಂಬಿಕೆಗೆ ಸಿಟ್ಟು ನೆತ್ತಿಗೇರಿತು. ಡಾಕ್ಟರ ಮೇಲಲ್ಲ, ಗಂಡನ ಮೇಲೆ. "ಯಾವ ಮನೆಗೆ? ಬಾಳೆಹೊನ್ನೂರಿಗಾ? ತಿಂಗಳ ದಾರಿ! ಸಾಯೋಕೆ ಇಷ್ಟು ದೂರ ಬಂದ್ರಾ? ಅಲ್ಲಿ ಜಾಗ ಇರಲಿಲ್ವಾ?"

"ಲಿಂಗ ಬಿಟ್ಟು ಬದುಕಿ ಎಂಥ ಮಾಡ್ಲಿ?"

"ಬಿಡಿ ಅಂತ ಯಾರು ಹೇಳಿದ್ರು? ಬೆಳ್ಳಿ ಬಿಡಿ, ದಾರ ಬಿಡಿ. ಲಿಂಗ ನಿಮ್ಮ ಎಡಗೈಯಲ್ಲಿ ಕಟ್ತೀನಿ. ದಿನಾ ಪೂಜೆಗೆ ಎಲ್ಲಿ ಇಟ್ಕೊಳ್ತೀರಿ? ಎಡಗೈ ಮೇಲೆ ತಾನೆ?"

"ಪೂಜೇಲಿ ಕೈ ಎದೆಗೆ ಸಮ ಇರುತ್ತೆ ಕಣೆ" ಎಂದು ಅವನು ಹಲ್ಲುಕಚ್ಚಿಕೊಂಡು ವಾದಿಸಿದ. "ಇಲ್ಲಿ ಕೈ ಕೆಳಗೆ ಹಾಕ್ತಾರೆ. ಸೊಂಟಕ್ಕಿಂತ ಕೆಳಗೆ ಹೋದ್ರೆ?"

"ಮಲಗಿದೋರಿಗೆ ಮೇಲ್ಯಾವುದು, ಕೆಳಗ್ಯಾವುದು? ಎಲ್ಲಾ ಸಮ! ಊರಿಗೆ ಹೋದ ಮೇಲೆ ಯಾರಾದ್ರೂ ಕೇಳಲಿ. ನಾನು ಉತ್ತರ ಕೊಡ್ತೀನಿ. ನೀವು ಸುಮ್ನಿರಿ."

"ಕರಡಿಗೆ ಇವರ ಮುಂದೆ ಬಿಚ್ಬೇಡ..."

"ಬಿಚ್ಚೇ ಬಿಚ್ತೀನಿ."

ಅಪರಿಚಿತರ ಎದುರು, ಮೈಲಿಗೆಯ ಕೋಣೆಯಲ್ಲಿ, ಕರಡಿಗೆ ತೆಗೆಯುವುದೆಂದರೆ ಅವಳಿಗೂ ಸಣ್ಣ ಮಾತಾಗಿರಲಿಲ್ಲ. ಡಾಕ್ಟರ ಕಡೆ ತಿರುಗಿ ಮೊದಲು ತನ್ನ ಕೈ ತೋರಿಸಿದಳು. ಗಂಡನ ಕೈ ತೋರಿಸಿದಳು. ಮುಷ್ಟಿ ಕಟ್ಟಿ, ಅದರ ಸುತ್ತ ಬಟ್ಟೆ ಸುತ್ತುವಂತೆ ಮಾಡಿದಳು. ಶ್ವೆಸ್ಟರ್ ಆನ್ನಾ ಚುರುಕು, ಅರ್ಥಮಾಡಿಕೊಂಡಳು. ಆಗಬಹುದು ಎಂದಳು. ಆದರೆ ಒಂದು ಮಾತು: ಆ ವಸ್ತುವನ್ನು ಮೊದಲು ಕುದಿಸಬೇಕು. ಮೂಲೆಯಲ್ಲಿ ಕತ್ತರಿ ಚಿಮಟ ಹಾಕಿ ಕುದಿಯುತ್ತಿದ್ದ ಪಾತ್ರೆಯನ್ನು ತೋರಿಸಿದಳು.

"ನೈನ್!"

ಕೋಣೆಯಲ್ಲಿದ್ದವರೆಲ್ಲ ಬೆಚ್ಚಿದರು. ಡಾಕ್ಟರು ಗಡಿಯಾರ ನೋಡಿ ಕೆಂಪಾದರು. ಯಾಕೆ ಬೇಡ ಎಂದು ಕೇಳಿದರು.

ಇದೇ ಕಷ್ಟದ್ದು. ಒಳಗಿರುವುದು ಸಣ್ಣ ಕಲ್ಲು. ಅದರ ಮೇಲೆ ಎಣ್ಣೆ, ಕಾಡಿಗೆ, ಅಂಟು ಹಾಕಿ ತೀಡಿ ತೀಡಿ ಕಟ್ಟಿದ ಕರಿಯ ಲೇಪ. ಲಿಂಗದ ರೂಪ ಆ ಲೇಪದ್ದೇ. ಬಿಸಿ ತಾಗಿದರೆ ಮೆತ್ತಗಾಗಿ ಕರಗಿ ಹೋಗುತ್ತದೆ. ಇದನ್ನು ಬಾಳೆಹೊನ್ನೂರಿನಲ್ಲಿ ಎಳೆಯ ಮಕ್ಕಳೂ ಬಲ್ಲರು. ಇವರಿಗೆ ಹೇಳುವುದು ಹೇಗೆ? ಕರಗು ಎನ್ನುವುದಕ್ಕೆ ಅವರ ಮಾತು ಅವಳಿಗೆ ಗೊತ್ತಿರಲಿಲ್ಲ. ಲೇಪಕ್ಕೆ ಗೊತ್ತಿರಲಿಲ್ಲ. ದೇವರು ಎನ್ನಲು ಗೊತ್ತಿತ್ತು, ಆದರೆ ದೇವರು ಎಂದರೆ ಅವರು ತಮ್ಮ ಗೋಡೆಯ ಮೇಲಿನ ಶಿಲುಬೆ ತೋರಿಸಿಬಿಡುತ್ತಾರೆ. ಆಡಬೇಕಾದ ಮಾತು ನೂರು, ಆ ಹೊತ್ತಿಗೆ ನೆನಪಿಗೆ ಬಂದದ್ದು ಹತ್ತೋ ಹನ್ನೆರಡೋ. ಗಂಡ ಮಂಚದ ಮೇಲೆ ನರಳಿದ.

ನೀಲಾಂಬಿಕೆ ಗಂಡನದ್ದನ್ನು ಮುಟ್ಟಲಿಲ್ಲ. ಸೀರೆಯ ಸೆರಗಿನೊಳಗೆ ಕೈಹಾಕಿ ತನ್ನ ಕರಡಿಗೆ ತೆಗೆದಳು. ದಾರ ಕೊರಳಲ್ಲೇ ಇತ್ತು. ಮುಚ್ಚಳ ತಿರುಗಿಸಿ ತೆರೆದು, ಕರಿಯ ಲಿಂಗವನ್ನು ಎಡಗೈ ಮೇಲಿಟ್ಟು ಡಾಕ್ಟರ ಮುಖದ ಮುಂದೆ ಹಿಡಿದಳು. ಗುರುಗಳು, ಮನೆಯವರನ್ನು ಬಿಟ್ಟು ಬೇರೆ ಗಂಡಸು ಅದನ್ನು ನೋಡಿದ್ದು ಅವಳ ಜನ್ಮದಲ್ಲಿ ಅದೇ ಮೊದಲು.

"ಶ್ವಾರ್ಟ್ಸ್" ಎಂದಳು. ಕಪ್ಪು.

ಡಾಕ್ಟರು ತಲೆಯಾಡಿಸಿದರು.

ಕುದಿಯುವ ಪಾತ್ರೆ ತೋರಿಸಿದಳು. "ಹೈಸ್." ಬಿಸಿ. ಮತ್ತೆ ಲಿಂಗ ತೋರಿಸಿ, "ವೀ ಕೆರ್ಟ್ಸೆ" ಎಂದಳು. ಮೇಣದಬತ್ತಿಯ ಹಾಗೆ. ಬಲಗೈ ಬೆರಳುಗಳನ್ನು ಮೇಲಿನಿಂದ ಕೆಳಕ್ಕೆ ಸೋರಿಸಿದಳು. "ಹೈಸ್, ವೀ ಕೆರ್ಟ್ಸೆ. ಶ್ವಾರ್ಟ್ಸ್ ಇಲ್ಲ. ಕಾಪುಟ್." ಹಾಳು ಎನ್ನುವ ಈ ಮಾತನ್ನು ಫ್ರೌ ಮೆಂಕೆ ಒಡೆದ ಬಸಿಗೆ ಹೇಳಿದ್ದಳು. ನಡುವೆ ಒಂದು ಕನ್ನಡ ಸೇರಿಕೊಂಡಿತು, ಸೇರಿಕೊಳ್ಳಲಿ.

"ಮೇಣ" ಎಂದಳು ಶ್ವೆಸ್ಟರ್ ಆನ್ನಾ ಅವರ ಭಾಷೆಯಲ್ಲಿ, ಡಾಕ್ಟರ ಕಡೆ ನೋಡಿ. "ಕುದಿಸಿದರೆ ಮೇಣದ ಹಾಗೆ ಕರಗುತ್ತದಂತೆ." ಡಾಕ್ಟರು ಬಗ್ಗಿ ನೋಡಿದರು. ಮುಟ್ಟಲು ಬೆರಳು ಚಾಚಿದರು. ಅವಳು ಅಂಗೈ ಹಿಂದಕ್ಕೆ ಎಳೆದುಕೊಂಡಳು. ಬೆರಳು ಹಿಂದೆ ಹೋಯಿತು.

ಆದರೂ ಅವರು ಒಪ್ಪಲಿಲ್ಲ. ಒಳಗಿನದು ಕುದಿಯದಿದ್ದರೆ ಕೊಳೆ ಕೊಳೆಯೇ. ಇಲ್ಲಿ ಏನಾಗಬೇಕೆಂದು ಹೇಳುವವನು ನಾನು ಎಂದು ತಮ್ಮ ಎದೆ ಬಡಿದು ತೋರಿಸಿದರು. ಅದಕ್ಕೆ ಭಾಷೆ ಬೇಕಿರಲಿಲ್ಲ. ಬಸರೀಕಟ್ಟೆಯ ಎಸ್ಟೇಟಿನ ದೊರೆಯೂ ಹೀಗೇ ಎದೆ ಬಡಿದುಕೊಳ್ಳುವುದನ್ನು ಅವಳು ಕಂಡಿದ್ದಳು.

ನೀಲಾಂಬಿಕೆ ಗಂಡನ ಹೊಟ್ಟೆಯ ಮೇಲೆ ಬೆರಳಿಟ್ಟಳು. "ಬೌಖ್, ಜೀ" ಎಂದಳು. ಹೊಟ್ಟೆ, ನೀವು. ಆಮೇಲೆ ಅವನ ಎಡಗೈ ಎತ್ತಿ ಹಿಡಿದು ಡಾಕ್ಟರ ಕಣ್ಣಲ್ಲಿ ಕಣ್ಣಿಟ್ಟು ಹೇಳಿದಳು: "ಹಾಂಟ್, ಇಶ್." ಕೈ, ನಾನು.

ಫ್ರೌ ಮೆಂಕೆ ಕೆಮ್ಮುವ ನೆಪದಲ್ಲಿ ಬಾಯಿ ಮುಚ್ಚಿಕೊಂಡಳು.

ದಾರಿ ತೋರಿಸಿದವಳು ಶ್ವೆಸ್ಟರ್ ಆನ್ನಾ. ಕುದಿಸಿ ಒಣಗಿಸಿದ ಬಟ್ಟೆಯ ಸುರುಳಿಯನ್ನು ಚಿಮಟದಲ್ಲಿ ಎತ್ತಿ ತೋರಿಸಿ ಡಾಕ್ಟರ ಹತ್ತಿರ ಏನೋ ಹೇಳಿದಳು. ಲಿಂಗವನ್ನು ಕುದಿಸುವುದು ಬೇಡ. ಕೈಯೊಳಗಿಟ್ಟು ಮೇಲೆ ಈ ಬಟ್ಟೆ ದಪ್ಪಗೆ ಸುತ್ತಿ, ಅದರ ಮೇಲೆ ಮೇಣಬಟ್ಟೆ ಕಟ್ಟಿ, ಮುಷ್ಟಿಯನ್ನೇ ಮುಚ್ಚಿಬಿಟ್ಟರೆ ಕೊಳೆ ಹೊರಗೆ ಬರುವುದೆಲ್ಲಿಂದ? ಕೈ ಹೇಗೂ ಮಂಚಕ್ಕೆ ಪಟ್ಟಿಯಲ್ಲಿ ಕಟ್ಟಿರುತ್ತದೆ. ಡಾಕ್ಟರು ಕೆನ್ನೆಯ ಗೆರೆ ಉಜ್ಜಿಕೊಂಡರು. ಮತ್ತೆ ಗಡಿಯಾರ ನೋಡಿದರು. ಎರಡು ನಿಮಿಷ ಎಂದು ಬೆರಳು ತೋರಿಸಿ ಕೈ ತೊಳೆಯಲು ಹೊರಟುಹೋದರು.

ನೀಲಾಂಬಿಕೆ ಬಳೆ ತೆಗೆಯಲಿಲ್ಲ, ಮೇಲಕ್ಕೆ ಸರಿಸಿದಳು. ಮೊಣಕೈಯವರೆಗೆ ಔಷಧದ ನೀರಿನಲ್ಲಿ ತೊಳೆದಳು. ಚರ್ಮ ಉರಿಯಿತು. ಗಂಡನ ಹತ್ತಿರ ಹೋದಳು. ಅವನು ಇನ್ನೂ ಕರಡಿಗೆ ಹಿಡಿದೇ ಇದ್ದ.

"ಬಿಡ್ರೀ."

"ನೀಲಾ, ಕಟ್ಟು ಸಡಿಲ ಆದ್ರೆ?"

"ನಾನು ಕಟ್ಟಿದ್ದು ಯಾವತ್ತಾದ್ರೂ ಸಡಿಲ ಆಗಿದೆಯಾ? ಕಾಫಿ ಮೂಟೆಗೆ ಹೊಲಿಗೆ ಹಾಕಿದ್ದು ಮಂಗಳೂರಲ್ಲಿ ಕತ್ತರಿಸೇ ಬಿಚ್ಚಬೇಕಿತ್ತು ಅಂತ ನೀವೇ ಬೈದಿಲ್ವಾ?"

ಅವನ ಬೆರಳು ಒಂದೊಂದಾಗಿ ಬಿಟ್ಟವು. ಕರಡಿಗೆ ತೆರೆದು ಲಿಂಗವನ್ನು ಅವನ ಅಂಗೈಯಲ್ಲಿಟ್ಟು, ಬೆರಳು ಮಡಚಿ, ಬಟ್ಟೆ ಸುತ್ತಿದಳು. ಶ್ವೆಸ್ಟರ್ ಆನ್ನಾ ಚಿಮಟದಿಂದ ಕೊಡುತ್ತಾ ಹೋದಳು, ಇವಳು ಸುತ್ತುತ್ತಾ ಹೋದಳು. ಕೊನೆಯ ಗಂಟು ಹಾಕಿದಾಗ ಅವನ ಎಡಗೈ ಹಲಸಿನ ಮಿಡಿಯ ಹಾಗಾಗಿತ್ತು. ಮಂಚವನ್ನು ಒಳಗೆ ತಳ್ಳಿಕೊಂಡು ಹೋದರು. ಬಾಗಿಲು ಹಾಕಿಕೊಂಡಿತು.

ಹೊರಗೆ ಬೆಂಚಿನ ಮೇಲೆ ಕೂತಳು. ಫ್ರೌ ಮೆಂಕೆ ಬ್ರೆಡ್ಡು ತಂದಳು, ಬೇಡವೆಂದಳು. ಈಗ ಅವಳಿಗೆ ಭಯವಾಯಿತು. ಬಾಯಿಜೋರಿನಲ್ಲಿ ತಾನು ಮಾಡಿದ್ದು ಸರಿಯೋ? ನಿಜವಾಗಿ ಆ ಬಟ್ಟೆಯೊಳಗಿನಿಂದ ಕೊಳೆ ಹೋಗಿ ಮನುಷ್ಯ ಸತ್ತರೆ? ಆಗ ಕೊಂದವಳು ತಾನೇ. ಲಿಂಗ ತೆಗೆದುಕೊಡಿ ಎಂದಿದ್ದರೆ, ಅವನು ಬದುಕಿ ಎದ್ದು, ಆ ಸಂಕಟದಲ್ಲೇ ಅನ್ನ ನೀರು ಬಿಟ್ಟು ಸತ್ತಿದ್ದರೆ? ಆಗಲೂ ತಾನೇ. ಎರಡು ಕಡೆಯೂ ತಾನೇ ಆದ ಮೇಲೆ ತನಗೆ ಸರಿ ಕಂಡದ್ದನ್ನು ಮಾಡಿದ್ದೇ ಒಳ್ಳೆಯದಾಯಿತು ಎಂದುಕೊಂಡಳು. ಎಂದುಕೊಂಡರೂ ಬಾಗಿಲಿನಿಂದ ಕಣ್ಣು ಕೀಳಲಿಲ್ಲ. ಸೀರೆಯ ನೆರಿಗೆಯನ್ನು ಕಾಲಿನ ನಡುವೆ ಬಿಗಿಯಾಗಿ ಸಿಕ್ಕಿಸಿಕೊಂಡಳು.

ಮಧ್ಯಾಹ್ನದ ಗಂಟೆ ಹೊಡೆಯುವ ಹೊತ್ತಿಗೆ ಡಾಕ್ಟರು ಬಂದರು. ಏನೋ ಹೇಳಿದರು, ಅವಳಿಗೆ ಒಂದೂ ಹಿಡಿಯಲಿಲ್ಲ. "ಲಾಂಗ್ಸಾಮ್" ಎಂದು ಗದರಿದಳು. ನಿಧಾನ! ಅವರು ನಿಂತು, ಉಸಿರು ತೆಗೆದುಕೊಂಡು, ಮಗುವಿಗೆ ಹೇಳುವ ಹಾಗೆ ಹೇಳಿದರು. ನಿಮ್ಮ ಗಂಡ. ಬದುಕುತ್ತಾರೆ. ಕೈ ಬಿಚ್ಚಿಲ್ಲ.

ಆಗ ಅವಳು ಅತ್ತಳು. ಮುಖ ಗೋಡೆಯ ಕಡೆ ತಿರುಗಿಸಿಕೊಂಡು ಅತ್ತಳು, ಡಾಕ್ಟರು ಹೋಗುವವರೆಗೂ ತಿರುಗಲಿಲ್ಲ.

ಆ ದಿನ ಅವನಿಗೆ ನೀರು ಕೊಡುವ ಹಾಗಿರಲಿಲ್ಲ. ಮಾರನೆಯ ಬೆಳಿಗ್ಗೆ ಶ್ವೆಸ್ಟರ್ ಆನ್ನಾ ಚಹಾ ತಂದಳು. ಒಂದು ಚಮಚ ಮಾತ್ರ. ವೃಷಭೇಂದ್ರಪ್ಪ ತುಟಿ ಬಿಗಿದ. ತುಟಿ ಒಣಗಿ ಸೀಳಿತ್ತು, ಆದರೂ ಬಿಗಿದ. ಲಿಂಗಪೂಜೆಯಿಲ್ಲದೆ ಅವನು ಯಾವತ್ತೂ ನೀರು ಮುಟ್ಟಿದವನಲ್ಲ. ನರ್ಸು ಗಾಬರಿಯಾದಳು. ಅಷ್ಟರಲ್ಲಿ ಹ್ಯಾಂಬರ್ಗಿನಿಂದ ಬ್ರಾಂಟ್ ಬಂದ. ಬಂದವನೇ ಟೊಪ್ಪಿ ತೆಗೆದು, "ಇನ್ನು ನೀವು ಚಿಂತೆ ಮಾಡಬೇಡಿ. ಏನಿದ್ದರೂ ನನಗೆ ಹೇಳಿ, ನಾನು ಅವರಿಗೆ ಹೇಳುತ್ತೇನೆ" ಎಂದ, ತನಗೆ ಬರುತ್ತಿದ್ದ ಮುರುಕು ಕನ್ನಡದಲ್ಲಿ.

"ಹೌದು, ಇವರೇ ಮಾತಾಡಲಿ" ಎಂದ ವೃಷಭೇಂದ್ರಪ್ಪ ಕ್ಷೀಣವಾಗಿ. "ನೀನು ಎಂಥದೋ ಹೇಳಿ ಎಂಥದೋ ಆಗೋದು ಬೇಡ. ಮತ್ತೆ ನೋಡು, ಕರಡಿಗೆ ಬಿಚ್ಚಿದ್ದು, ಇವರ ಮುಂದೆ ಹಿಡಿದಿದ್ದು, ಇದೆಲ್ಲ ಊರಲ್ಲಿ ಹೇಳೋಕೆ ಹೋಗ್ಬೇಡ ಮಾರಾಯ್ತಿ. ಅಮ್ಮನಿಗಂತೂ ಬೇಡ."

"ಹೇಳ್ತೀನಿ" ಎಂದಳು ನೀಲಾಂಬಿಕೆ. "ನಿಮ್ಮಮ್ಮನಿಗೇ ಮೊದಲು ಹೇಳ್ತೀನಿ. ಮಗ ಬದುಕಿ ಎದುರಿಗೆ ಕೂತಿರ್ತಾನೆ, ಆಗ ಬೈಯಲಿ ನೋಡೋಣ."

ಅವನಿಗೆ ನಗು ಬಂತು. ಹೊಲಿಗೆ ಎಳೆದು ಮುಖ ಹಿಂಡಿದ.

ನೀಲಾಂಬಿಕೆ ಬ್ರಾಂಟನಿಗೆ ಕೈ ಮುಗಿದು ಕುರ್ಚಿ ತೋರಿಸಿದಳು. ಆಮೇಲೆ ತಾನೇ ಶ್ವೆಸ್ಟರ್ ಆನ್ನಾಳ ಕಡೆ ತಿರುಗಿದಳು. "ಮೊದಲು ದೇವರು. ಆಮೇಲೆ ಚಹಾ. ನೀರು ಬೇಕು. ತಣ್ಣನೆಯದು." ಈ ನಾಲ್ಕು ತುಂಡುಗಳಲ್ಲಿ ಎರಡು ತಪ್ಪಿದ್ದವು. ಬ್ರಾಂಟ್ ತಿದ್ದಲು ಬಾಯಿ ತೆರೆದ. ನರ್ಸು ಅವನ ಕಡೆ ನೋಡಲೇ ಇಲ್ಲ, ಗಾಜಿನ ಲೋಟದಲ್ಲಿ ನೀರು ತರಲು ಹೋದಳು. ತಂದು ಮೇಜಿನ ಮೇಲಿಟ್ಟು ಬ್ರಾಂಟನನ್ನೂ ಕರೆದುಕೊಂಡು ಹೊರಟಳು.

ನೀಲಾಂಬಿಕೆ ಗಂಟು ಬಿಚ್ಚತೊಡಗಿದಳು. ಗಟ್ಟಿ ಕಟ್ಟಿದ್ದಳು, ಉಗುರು ನೋಯಿತು. ಒಂದೊಂದು ಸುತ್ತು ತೆಗೆದು ಕೊನೆಗೆ ಅವನ ಬೆರಳು ಬಿಡಿಸಿದಳು. ಮಡಚಿ ಮಡಚಿ ಬೆರಳು ಬಿಳಿಚಿಕೊಂಡಿದ್ದವು. ಅಂಗೈಯ ನಡುವೆ ಲಿಂಗ ಇತ್ತು, ಒಂದು ಗೀರೂ ಇಲ್ಲದೆ. ಅವನಿಗೆ ಕೈ ಎತ್ತಲು ಶಕ್ತಿಯಿರಲಿಲ್ಲ. ಅವಳು ಮಂಚದ ಅಂಚಿಗೆ ಕೂತು ಅವನ ಮೊಣಕೈ ಕೆಳಗೆ ತನ್ನ ತೊಡೆ ಆನಿಸಿ, ಆ ಕೈಯನ್ನು ಅವನ ಎದೆಯ ಮಟ್ಟಕ್ಕೆ ತಂದಳು. ಊರಿನಿಂದ ತಂದಿದ್ದ ವಿಭೂತಿಗಟ್ಟಿ ತೆಗೆದಳು. ಒಣಗಿದ ಬಿಲ್ವಪತ್ರೆಯ ಪೊಟ್ಟಣ ಬಿಚ್ಚಿದಳು.

ಬಾಗಿಲು ತೆರೆಯಿತು. ಡಾಕ್ಟರ್ ಹಾರ್ಮ್ಸ್, ಅವರ ಹಿಂದೆ ಇನ್ನಿಬ್ಬರು ಎಳೆಯ ಡಾಕ್ಟರು. ಬೆಳಗಿನ ಸುತ್ತು. ರೋಗಿಯನ್ನು ನೋಡಿ ಹೋಗಲು ಬಂದಿದ್ದರು.

ನೀಲಾಂಬಿಕೆ ಕೂತಲ್ಲಿಂದಲೇ ತಲೆ ತಿರುಗಿಸಿದಳು. "ವಾರ್ಟೆನ್" ಎಂದಳು. ಕಾಯಿರಿ.

ಎಳೆಯ ಡಾಕ್ಟರುಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಡಾಕ್ಟರ್ ಹಾರ್ಮ್ಸ್ ಹೊಸ್ತಿಲ ಮೇಲೆ ಒಂದು ಕ್ಷಣ ನಿಂತರು. ಬಾಯಿ ತೆರೆದರು. ಮಂಚದ ಮೇಲಿನ ಕೈ ನೋಡಿದರು. ಬಾಯಿ ಮುಚ್ಚಿ ಹಿಂದೆ ಸರಿದು, ಬಾಗಿಲನ್ನು ತಾವೇ ಎಳೆದುಕೊಂಡರು. ಗಾಜಿನ ಆಚೆ ಮೂರು ಬಿಳಿಯ ಕೋಟುಗಳು ಸಾಲಾಗಿ ನಿಂತಿರುವುದು ಕಾಣುತ್ತಿತ್ತು.

"ಬೇಗ ಮುಗಿಸು ಕಣೆ" ಎಂದು ವೃಷಭೇಂದ್ರಪ್ಪ ಪಿಸುಗುಟ್ಟಿದ. "ದೊಡ್ಡ ಡಾಕ್ಟರು ಕಾಯ್ತಿದ್ದಾರೆ."

"ಕಾಯಲಿ" ಎಂದಳು ನೀಲಾಂಬಿಕೆ. ಲೋಟದಿಂದ ನೀರು ತೆಗೆದು ತೊಟ್ಟು ತೊಟ್ಟಾಗಿ ಬಿಟ್ಟಳು. ಪತ್ರೆ ಏರಿಸಿದಳು. ಮಂತ್ರದ ಒಂದಕ್ಷರವನ್ನೂ ಅವಳು ನುಂಗಲಿಲ್ಲ.